ಚಳಿಗಾಲ ಮತ್ತು ಕರಿ ಆಯಿಲ್: ಬಿಸಿ ಮಾಡಿದರೆ ಡೀಸೆಲ್ ಆದೀತೇ?

ವಾಹನದ ಎಂಜಿನ್ನಿನಿಂದ ಬಸಿದು ತೆಗೆದ ಹಳೆಯ ಎಣ್ಣೆಯನ್ನು ಗ್ಯಾರೇಜುಗಳಲ್ಲಿ ವೇಸ್ಟ್ ಆಯಿಲ್ ಅಥವಾ ಕರಿ ಆಯಿಲ್ ಎನ್ನುತ್ತಾರೆ. ಸಾವಿರಾರು ಕಿಲೋಮೀಟರ್ ದುಡಿದು ಕಪ್ಪಾದರೂ ಅದರ ಉರಿಯುವ ಗುಣ ಹೋಗಿರುವುದಿಲ್ಲ. ಒಂದು ಕಿಲೋ ಡೀಸೆಲ್ ಸುಟ್ಟಾಗ ಸುಮಾರು 43 ಮೆಗಾಜೂಲ್ ಶಾಖ ಬಂದರೆ, ಒಂದು ಕಿಲೋ ಕರಿ ಆಯಿಲ್‌ನಿಂದಲೂ 40ಕ್ಕೂ ಹೆಚ್ಚು ಮೆಗಾಜೂಲ್ ಬರುತ್ತದೆ. ಡೀಸೆಲ್‌ಗಿಂತ ಬಹಳ ಅಗ್ಗವಾಗಿ ಸಿಗುವ ಈ ಎಣ್ಣೆಯನ್ನೇ ಜನರೇಟರಿಗೋ ಪಂಪ್‌ಸೆಟ್ಟಿಗೋ ಹಾಕಿ ಓಡಿಸಬಾರದೇಕೆ ಎಂಬ ಯೋಚನೆ ಹುಟ್ಟುವುದು ಇದರಿಂದಲೇ. ಹಳೆಯ ಮಾದರಿಯ ಡೀಸೆಲ್ ಎಂಜಿನ್ನುಗಳಲ್ಲಿ ಈ ಪ್ರಯೋಗ ಲೋಕದ ಅನೇಕ ಕಡೆ ನಡೆದಿದೆ. ಬೇಸಿಗೆಯಲ್ಲಿ ಹೇಗೋ ಓಡುವ ಎಂಜಿನ್ ಚಳಿಗಾಲದಲ್ಲಿ ಹಟ ಹಿಡಿಯುತ್ತದೆ. ಆಗ ಬರುವ ಮೊದಲ ಉಪಾಯ ಎಣ್ಣೆಯನ್ನು ಬಿಸಿ ಮಾಡುವುದು. ಆ ಬಿಸಿಯಿಂದ ಏನು ಸಾಧ್ಯ, ಏನು ಅಸಾಧ್ಯ ಎಂಬುದನ್ನು ಬೇರೆ ಬೇರೆಯಾಗಿ ನೋಡಬೇಕು.

ಮಹಾರಾಷ್ಟ್ರದ ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರ ಈ ಪ್ರಶ್ನೆಗೆ ತಕ್ಕ ಊರುಗಳು. ಎರಡೂ ಗೋದಾವರಿ ಕೊಳ್ಳದ, ಸಮುದ್ರಮಟ್ಟದಿಂದ ಸುಮಾರು 550ರಿಂದ 600 ಮೀಟರ್ ಎತ್ತರದ ದಖ್ಖನ್ ನಗರಗಳು. ಎರಡೂ ವಾಹನೋದ್ಯಮದ ಕೇಂದ್ರಗಳು. ನಾಸಿಕ್‌ನಲ್ಲಿ ಸಾತಪುರ ಮತ್ತು ಅಂಬಡ್ ಕೈಗಾರಿಕಾ ವಸಾಹತುಗಳೂ ಮಹೀಂದ್ರಾ ಕಾರ್ಖಾನೆಯೂ ಇವೆ. ಹಿಂದೆ ಔರಂಗಾಬಾದ್ ಎನ್ನಿಸಿಕೊಂಡಿದ್ದ ಸಂಭಾಜಿನಗರದಲ್ಲಿ ವಾಳೂಜ್, ಚಿಕಲಠಾಣಾ, ಶೇಂದ್ರಾ ವಸಾಹತುಗಳಿವೆ. ಬಜಾಜ್ ಆಟೋದ ದೊಡ್ಡ ಕಾರ್ಖಾನೆ ವಾಳೂಜ್‌ನಲ್ಲಿದೆ. ಲಾಸಲಗಾಂವ್‌ನ ಈರುಳ್ಳಿ ಮಾರುಕಟ್ಟೆ, ನಿಫಾಡ್ ಮತ್ತು ದಿಂಡೋರಿಯ ದ್ರಾಕ್ಷಿ ತೋಟಗಳು, ಮುಂಬೈ–ಆಗ್ರಾ ಹೆದ್ದಾರಿ, ಸಮೃದ್ಧಿ ಮಹಾಮಾರ್ಗ ಇವೆಲ್ಲ ಸೇರಿ ಲಾರಿ, ಟ್ರ್ಯಾಕ್ಟರ್, ಜನರೇಟರುಗಳ ದೊಡ್ಡ ಲೋಕವೇ ಇಲ್ಲಿದೆ. ಎಂಜಿನ್ ಇದ್ದಲ್ಲಿ ಆಯಿಲ್ ಬದಲಾವಣೆ ಇದ್ದದ್ದೇ, ಕರಿ ಆಯಿಲ್ ಡ್ರಮ್ಮುಗಳೂ ಇದ್ದದ್ದೇ.

ಇಲ್ಲಿನ ಚಳಿ ಹಿಮಾಲಯದ ಚಳಿಯಲ್ಲ. ಆದರೂ ಕಡೆಗಣಿಸುವಂಥದ್ದೂ ಅಲ್ಲ. ಡಿಸೆಂಬರ್, ಜನವರಿ ತಿಂಗಳಲ್ಲಿ ಎರಡೂ ನಗರಗಳ ಬೆಳಗಿನ ತಾಪಮಾನ ಸಾಮಾನ್ಯವಾಗಿ 10 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿಯುತ್ತದೆ. ಉತ್ತರದಿಂದ ಶೀತಗಾಳಿ ಬೀಸಿದ ದಿನಗಳಲ್ಲಿ ನಾಸಿಕ್ ಜಿಲ್ಲೆಯ ನಿಫಾಡ್‌ನಲ್ಲಿ ಅದು 5 ಡಿಗ್ರಿಗಿಂತಲೂ ಕೆಳಗೆ ಹೋಗುವುದುಂಟು. ದ್ರಾಕ್ಷಿ ಬೆಳೆಗಾರರು ನಸುಕಿನಲ್ಲಿ ಬಳ್ಳಿಗಳ ಸಾಲಿನ ನಡುವೆ ಬೆಂಕಿ ಹಾಕಿ ಹೊಗೆ ಎಬ್ಬಿಸುವುದು ಇಂಥ ದಿನಗಳಲ್ಲಿಯೇ. ನೀರೆತ್ತುವ ಡೀಸೆಲ್ ಪಂಪ್‌ಸೆಟ್ಟನ್ನೂ ತೋಟದ ಜನರೇಟರನ್ನೂ ಚಾಲೂ ಮಾಡಬೇಕಾಗುವುದು ಅದೇ ಹೊತ್ತಿಗೆ.

ಚಳಿಯಲ್ಲಿ ಡೀಸೆಲ್‌ಗೆ ಆಗುವ ತೊಂದರೆ ಒಂದು, ಕರಿ ಆಯಿಲ್‌ಗೆ ಆಗುವ ತೊಂದರೆ ಇನ್ನೊಂದು. ಡೀಸೆಲ್‌ನಲ್ಲಿ ಕರಗಿರುವ ಮೇಣ ತಂಪಿಗೆ ಸಣ್ಣ ಹರಳುಗಳಾಗಿ ಬೇರ್ಪಟ್ಟು ಫಿಲ್ಟರಿನಲ್ಲಿ ಕಟ್ಟಿಕೊಳ್ಳುತ್ತದೆ. ಯಾವ ತಾಪಮಾನದವರೆಗೆ ಡೀಸೆಲ್ ಫಿಲ್ಟರನ್ನು ದಾಟಬಲ್ಲದು ಎಂಬುದಕ್ಕೆ ಭಾರತೀಯ ಮಾನಕ ಐಎಸ್ 1460 ಮಿತಿ ಹಾಕಿದೆ: ಚಳಿಗಾಲದ ಡೀಸೆಲ್‌ಗೆ 6 ಡಿಗ್ರಿ, ಬೇಸಿಗೆಯ ಡೀಸೆಲ್‌ಗೆ 18 ಡಿಗ್ರಿ. ಬೇಸಿಗೆಯಲ್ಲಿ ತುಂಬಿಸಿಟ್ಟ ಡೀಸೆಲ್ ಜನವರಿಯವರೆಗೂ ಜನರೇಟರಿನ ಟ್ಯಾಂಕಿನಲ್ಲೇ ಉಳಿದರೆ ನಿಫಾಡ್‌ನ ನಸುಕಿನಲ್ಲಿ ಫಿಲ್ಟರ್ ಕಟ್ಟುವ ಸಂಭವ ಇರುವುದು ಈ ಕಾರಣಕ್ಕೆ. ಲಡಾಖ್‌ನಂಥ ಪ್ರದೇಶಕ್ಕೆಂದು ಇಂಡಿಯನ್ ಆಯಿಲ್ ಕಂಪನಿ 2019ರಲ್ಲಿ ಮೈನಸ್ 33 ಡಿಗ್ರಿಯಲ್ಲೂ ಹರಿಯುವ ವಿಶೇಷ ಡೀಸೆಲ್ ಹೊರತಂದಿತು.

ಎಂಜಿನ್ ಆಯಿಲ್ ಮೇಣಗಟ್ಟುವುದು ಸಾಮಾನ್ಯ ಡೀಸೆಲ್‌ಗಿಂತ ಬಹಳ ಕೆಳಗಿನ ತಾಪಮಾನದಲ್ಲಿ. ಲಾರಿಗಳಲ್ಲಿ ಬಳಕೆಯಲ್ಲಿರುವ 15ಡಬ್ಲ್ಯು-40 ದರ್ಜೆಯ ಎಣ್ಣೆ ಮೈನಸ್ 20 ಡಿಗ್ರಿಯಲ್ಲೂ ಹರಿವನ್ನು ಪೂರ್ತಿ ಕಳೆದುಕೊಳ್ಳುವುದಿಲ್ಲ. ಹಾಗಾಗಿ ನಾಸಿಕ್‌ನ ಚಳಿಗೆ ಕರಿ ಆಯಿಲ್ ಹೆಪ್ಪುಗಟ್ಟುವ ಪ್ರಶ್ನೆಯೇ ಇಲ್ಲ. ಅದರ ತೊಂದರೆ ಮಂದವಾಗುವುದು. ಚಳಿಯ ಬೆಳಿಗ್ಗೆ ಜೋನಿಬೆಲ್ಲ ಡಬ್ಬಿಯಿಂದ ಇಳಿಯಲು ಹೊತ್ತು ತೆಗೆದುಕೊಳ್ಳುವಂತೆ ಇದೂ ಪೈಪಿನಲ್ಲಿ ನಿಧಾನಿಸುತ್ತದೆ.

ಈ ಮಂದತನವನ್ನು, ಅಂದರೆ ಸ್ನಿಗ್ಧತೆಯನ್ನು, ಸೆಂಟಿಸ್ಟೋಕ್ ಎಂಬ ಮಾನದಲ್ಲಿ ಅಳೆಯುತ್ತಾರೆ. 40 ಡಿಗ್ರಿಯಲ್ಲಿ ಡೀಸೆಲ್‌ನ ಸ್ನಿಗ್ಧತೆ 2ರಿಂದ 4.5 ಸೆಂಟಿಸ್ಟೋಕ್ ನಡುವೆ ಇರಬೇಕು ಎಂಬುದು ಮಾನಕ. ಅದೇ 40 ಡಿಗ್ರಿಯಲ್ಲಿ 15ಡಬ್ಲ್ಯು-40 ಎಣ್ಣೆಯದು ಸುಮಾರು 110 ಸೆಂಟಿಸ್ಟೋಕ್. ತಂಪಾದಂತೆ ಈ ಅಂಕಿ ಏರುವ ವೇಗ ಅಚ್ಚರಿಯದು: ಲೆಕ್ಕ ಹಾಕಿದರೆ 10 ಡಿಗ್ರಿಯಲ್ಲಿ ಸುಮಾರು 600, 5 ಡಿಗ್ರಿಯಲ್ಲಿ ಸುಮಾರು 900. ಅಂದರೆ ನಾಸಿಕ್‌ನ ಏಪ್ರಿಲ್ ಮಧ್ಯಾಹ್ನದಲ್ಲಿ ಡೀಸೆಲ್‌ಗಿಂತ ಹತ್ತಾರು ಪಟ್ಟು ಮಂದವಾಗಿದ್ದ ಎಣ್ಣೆ ನಿಫಾಡ್‌ನ ಜನವರಿ ನಸುಕಿನಲ್ಲಿ ಅದರ ಎಂಟು ಪಟ್ಟಿನಷ್ಟು ಮತ್ತೆ ಮಂದವಾಗಿರುತ್ತದೆ. ಕರಿ ಆಯಿಲ್‌ನಲ್ಲಿ ಡೀಸೆಲ್ ಬೆರೆತಿದ್ದರೆ ಅಂಕಿ ಸ್ವಲ್ಪ ಇಳಿಯುತ್ತದೆ, ಮಸಿ ಹೆಚ್ಚಿದ್ದರೆ ಏರುತ್ತದೆ.

ಮಂದ ಎಣ್ಣೆಯಿಂದ ಡೀಸೆಲ್ ಎಂಜಿನ್ ಮೂರು ಜಾಗಗಳಲ್ಲಿ ಸೋಲುತ್ತದೆ. ಮೊದಲನೆಯದು ಟ್ಯಾಂಕಿನಿಂದ ಪಂಪಿನವರೆಗಿನ ದಾರಿ. ಪೈಪು, ಫಿಲ್ಟರುಗಳ ಮೂಲಕ ಎಣ್ಣೆ ಬೇಕಾದಷ್ಟು ಬರದಿದ್ದಾಗ ಪಂಪು ಬಲವಾಗಿ ಹೀರುತ್ತದೆ. ಸಡಿಲವಾದ ಕ್ಲಿಪ್ಪು, ಹಳೆಯ ವಾಷರಿನ ಸಂದಿನಿಂದ ಗಾಳಿ ಒಳಗೆ ಸೇರುತ್ತದೆ. ಗಾಳಿ ಹಿಡಿದ ಎಂಜಿನ್ ನಿಂತುಹೋಗುತ್ತದೆ. ಎರಡನೆಯದು ಹೈ ಪ್ರೆಷರ್ ಪಂಪು. ಅದರ ಪ್ಲಂಜರ್ ಮತ್ತು ಬ್ಯಾರೆಲ್ ನಡುವಿನ ಸಂದು 2ರಿಂದ 4 ಮೈಕ್ರಾನ್ ಮಾತ್ರ. ತನ್ನ ಒಳಭಾಗಗಳಿಗೆ ಇಂಧನದಿಂದಲೇ ಜಾರುಗುಣ ಪಡೆಯುವ ರೋಟರಿ ಪಂಪಿಗೆ ಮಂದ ಎಣ್ಣೆ ವಿಪರೀತ ಭಾರ ಹೇರುತ್ತದೆ. ಎಂಜಿನ್ ಆಯಿಲ್‌ನಿಂದ ಜಾರುಗುಣ ಪಡೆಯುವ ಹಳೆಯ ಇನ್‌ಲೈನ್ ಪಂಪು ಸ್ವಲ್ಪ ಹೆಚ್ಚು ತಾಳುತ್ತದೆ. ಮೂರನೆಯದು ನಾಝಲ್.

ನಾಝಲಿನ ಕೆಲಸ ಇಂಧನವನ್ನು ಮಂಜಿನಂತೆ ಸಿಂಪಡಿಸುವುದು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಅದುಮಿ ಕಾಯಿಸಿದ ಗಾಳಿಯೊಳಗೆ ಹನಿಗಳು ಆವಿಯಾಗಿ ತಾವೇ ಹೊತ್ತಿಕೊಳ್ಳಬೇಕು. ಹನಿ ಚಿಕ್ಕದಾದಷ್ಟೂ ಬೇಗ ಆವಿಯಾಗುತ್ತದೆ. ಮಂದ ಎಣ್ಣೆಯಿಂದ ದಪ್ಪ ಹನಿಗಳು ಬರುತ್ತವೆ, ಸಿಂಪಡಿಕೆಯ ಕೋನ ಕಿರಿದಾಗಿ ಎಣ್ಣೆ ಧಾರೆಯಂತೆ ನುಗ್ಗಿ ಪಿಸ್ಟನ್ ತಲೆಗೂ ಸಿಲಿಂಡರ್ ಗೋಡೆಗೂ ಬಡಿಯುತ್ತದೆ. ಅಲ್ಲಿ ಅರೆಬೆಂದು ಇಂಗಾಲವಾಗಿ ಅಂಟುತ್ತದೆ, ಉಳಿದದ್ದು ರಿಂಗುಗಳನ್ನು ದಾಟಿ ಕೆಳಗಿನ ಆಯಿಲ್‌ಗೆ ಸೇರುತ್ತದೆ. ಚಳಿಯಲ್ಲಿ ಎಂಜಿನ್ನಿನ ಲೋಹವೇ ತಣ್ಣಗಿದ್ದು ಅದುಮಿದ ಗಾಳಿಯೂ ಅಷ್ಟು ಕಾಯುವುದಿಲ್ಲವಾದ್ದರಿಂದ ಹೊತ್ತಿಕೊಳ್ಳುವುದು ಇನ್ನೂ ತಡವಾಗುತ್ತದೆ. ತಣ್ಣಗಿನ ಎಂಜಿನ್ನಿನ ಬಿಳಿ ಹೊಗೆ, ಕಟಕಟ ಸದ್ದು ಈ ತಡದ ಗುರುತುಗಳು. ಕರಿ ಆಯಿಲ್ ಹಾಕಿದ ಎಂಜಿನ್ನಿನಲ್ಲಿ ಅವು ಬಹಳ ಹೆಚ್ಚು.

ಈ ನಾಝಲುಗಳ ವಿಷಯದಲ್ಲಿ ನಾಸಿಕ್‌ಗೂ ಬೆಂಗಳೂರಿಗೂ ನಂಟಿದೆ. 1951ರಲ್ಲಿ ಆರಂಭವಾಗಿ ಬೆಂಗಳೂರಿನ ಆಡುಗೋಡಿಯ ಕಾರ್ಖಾನೆಯಿಂದ ಮೈಕೋ ಎಂಬ ಹೆಸರಿನಲ್ಲಿ ಕನ್ನಡಿಗರಿಗೆ ಪರಿಚಿತವಾದ ಕಂಪನಿ, ಇಂದಿನ ಬಾಷ್, ಪಂಪುಗಳನ್ನು ಬೆಂಗಳೂರಿನಲ್ಲೂ ನಾಝಲ್ ಮತ್ತು ಇಂಜೆಕ್ಟರುಗಳನ್ನು ನಾಸಿಕ್‌ನ ಸಾತಪುರದಲ್ಲೂ ತಯಾರಿಸುತ್ತ ಬಂದಿದೆ. ದೇಶದ ಅಸಂಖ್ಯ ಲಾರಿ, ಟ್ರ್ಯಾಕ್ಟರುಗಳ ಎದೆಯೊಳಗೆ ಈ ಎರಡು ಊರುಗಳ ಕೆಲಸ ಒಟ್ಟಿಗೆ ನಡೆಯುತ್ತದೆ. ಕೂದಲೆಳೆಗಿಂತ ಹಲವು ಪಟ್ಟು ಸೂಕ್ಷ್ಮವಾದ ಸಂದುಗಳನ್ನು ಕಾಯ್ದುಕೊಂಡು ಮಾಡುವ ಈ ಭಾಗಗಳು ಡೀಸೆಲ್‌ನ ಸ್ನಿಗ್ಧತೆಗೆ, ಡೀಸೆಲ್‌ನ ಶುದ್ಧಿಗೆ ಹೊಂದಿಸಿದವು.

ಈಗ ಬಿಸಿಯ ಲೆಕ್ಕ. 110 ಸೆಂಟಿಸ್ಟೋಕ್‌ನ ಎಣ್ಣೆಯನ್ನು 60 ಡಿಗ್ರಿಗೆ ಕಾಯಿಸಿದರೆ ಸ್ನಿಗ್ಧತೆ ಸುಮಾರು 50ಕ್ಕೆ, 80 ಡಿಗ್ರಿಗೆ ಕಾಯಿಸಿದರೆ ಸುಮಾರು 25ಕ್ಕೆ, 100 ಡಿಗ್ರಿಯಲ್ಲಿ 14–15ಕ್ಕೆ ಇಳಿಯುತ್ತದೆ. ಇಳಿಕೆ ದೊಡ್ಡದೇ. ಆದರೆ ಕುದಿಯುವ ನೀರಿನಷ್ಟು ಬಿಸಿಯಾದ ಮೇಲೂ ಅದು ಡೀಸೆಲ್‌ನ ಮೇಲಿನ ಮಿತಿಗಿಂತ ಮೂರು ಪಟ್ಟು ಮಂದವಾಗಿಯೇ ಉಳಿಯುತ್ತದೆ. ಹಾಗಾಗಿ ಬರೀ ಬಿಸಿಯಿಂದ ಕೆಲಸ ಪೂರ್ತಿಯಾಗದು, ಬೆರಕೆಯೂ ಬೇಕು. ನೂರಕ್ಕೆ 20 ಪಾಲು ಎಣ್ಣೆ, 80 ಪಾಲು ಡೀಸೆಲ್ ಬೆರೆಸಿದರೆ 40 ಡಿಗ್ರಿಯಲ್ಲಿ ಸ್ನಿಗ್ಧತೆ ಸುಮಾರು 4.7, ಅಂದರೆ ಮಾನಕದ ಅಂಚಿಗೆ ತುಸು ಹೊರಗೆ. ಅರ್ಧಕ್ಕರ್ಧ ಬೆರೆಸಿದರೆ 11–12. ಆ ಅರ್ಧಕ್ಕರ್ಧ ಬೆರಕೆಯನ್ನು 80 ಡಿಗ್ರಿಗೆ ಕಾಯಿಸಿದಾಗ ಮಾತ್ರ ಅದು ತಣ್ಣಗಿನ ಡೀಸೆಲ್‌ನ ಹತ್ತಿರ ಬರುತ್ತದೆ.

ಮಂದ ಇಂಧನವನ್ನು ಕಾಯಿಸಿ ಎಂಜಿನ್ನಿಗೆ ಕೊಡುವುದು ಹೊಸ ವಿದ್ಯೆಯೇನಲ್ಲ. ದೊಡ್ಡ ಹಡಗುಗಳ ಎಂಜಿನ್ನುಗಳು ಅದರಿಂದಲೇ ನಡೆದಿವೆ. 50 ಡಿಗ್ರಿಯಲ್ಲಿ 380 ಸೆಂಟಿಸ್ಟೋಕ್ ಇರುವ ಫರ್ನೇಸ್ ಆಯಿಲನ್ನು ಮೊದಲು 98 ಡಿಗ್ರಿ ಸುಮಾರಿಗೆ ಕಾಯಿಸಿ, ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಗಿರಕಿ ಹೊಡೆಸಿ ನೀರು, ಕೆಸರು ಬೇರ್ಪಡಿಸುತ್ತಾರೆ. ಆಮೇಲೆ 130 ಡಿಗ್ರಿ ಆಸುಪಾಸಿಗೆ ಕಾಯಿಸಿ, ಸ್ನಿಗ್ಧತೆ 10ರಿಂದ 15ಕ್ಕೆ ಇಳಿದ ಮೇಲೆ ಇಂಜೆಕ್ಟರಿಗೆ ಬಿಡುತ್ತಾರೆ. ಕರ್ನಾಟಕದಲ್ಲಿ ಇದರ ಉದಾಹರಣೆ ಬೆಂಗಳೂರಿನ ಯಲಹಂಕದಲ್ಲಿದ್ದ ಡೀಸೆಲ್ ವಿದ್ಯುತ್ ಸ್ಥಾವರ. 1990ರ ದಶಕದಲ್ಲಿ ಕರ್ನಾಟಕ ವಿದ್ಯುತ್ ನಿಗಮ ಕಟ್ಟಿದ 127.92 ಮೆಗಾವ್ಯಾಟ್‌ನ ಆ ಸ್ಥಾವರದ ಇಂಧನ ಎಲ್‌ಎಸ್‌ಎಚ್‌ಎಸ್, ಅಂದರೆ ಗಂಧಕ ಕಡಿಮೆಯಿರುವ ಭಾರವಾದ ತೈಲವಾಗಿತ್ತು. ಸಾಮಾನ್ಯ ಹವೆಗೆ ಹೆಪ್ಪುಗಟ್ಟುವ ಈ ತೈಲವನ್ನು ಸಾಗಿಸುವಾಗಲೂ ಬಳಸುವಾಗಲೂ ಬಿಸಿಯಾಗಿಯೇ ಇಡಬೇಕು. ಹಳ್ಳಿಯ ಮಟ್ಟದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರ ‘ಸೂತ್ರ’ ಯೋಜನೆ ಹೊಂಗೆ ಎಣ್ಣೆಯಿಂದ ಡೀಸೆಲ್ ಜನರೇಟರುಗಳನ್ನು ಓಡಿಸಿ ತೋರಿಸಿತು. ಹೊಂಗೆ ಎಣ್ಣೆಯ ಸ್ನಿಗ್ಧತೆ 40 ಡಿಗ್ರಿಯಲ್ಲಿ ಸುಮಾರು 40 ಸೆಂಟಿಸ್ಟೋಕ್, ಎಂಜಿನ್ ಆಯಿಲ್‌ನ ಅರ್ಧಕ್ಕಿಂತ ಕಡಿಮೆ. ಅದಕ್ಕಿಂತ ಮುಖ್ಯವಾಗಿ, ಮರದ ಬೀಜದಿಂದ ಬಂದ ಆ ಎಣ್ಣೆಯಲ್ಲಿ ಲೋಹದ ಪುಡಿಯಿಲ್ಲ.

ಎಣ್ಣೆ ಕಾಯಿಸಲು ಬೇಕಾಗುವ ಶಾಖ ಎಷ್ಟು ಎಂಬುದು ಯಾವುದನ್ನು ಕಾಯಿಸುತ್ತೇವೆ ಎಂಬುದರ ಮೇಲೆ ನಿಂತಿದೆ. ಒಂದು ಕಿಲೋ ಎಣ್ಣೆಯನ್ನು ಒಂದು ಡಿಗ್ರಿ ಏರಿಸಲು ಸುಮಾರು 2 ಕಿಲೋಜೂಲ್ ಬೇಕು. 200 ಲೀಟರಿನ ಡ್ರಮ್ಮನ್ನು 10ರಿಂದ 60 ಡಿಗ್ರಿಗೆ ಏರಿಸಲು ಸುಮಾರು 5 ಯೂನಿಟ್ ವಿದ್ಯುತ್ ಹಿಡಿಯುತ್ತದೆ. ಆದರೆ ಗಂಟೆಗೆ 5 ಲೀಟರ್ ಕುಡಿಯುವ ಜನರೇಟರಿಗೆ ಹರಿಯುವ ಎಣ್ಣೆಯನ್ನಷ್ಟೇ 10ರಿಂದ 80 ಡಿಗ್ರಿಗೆ ಏರಿಸಲು ಸುಮಾರು 170 ವ್ಯಾಟ್ ಸಾಕು. 12 ವೋಲ್ಟ್ ಬ್ಯಾಟರಿಯಿಂದ 14 ಆಂಪಿಯರ್ ಎಳೆದಂತೆ. ಓಡುತ್ತಿರುವ ಎಂಜಿನ್ನಿನ ಇಂಧನದ ಶಾಖದಲ್ಲಿ ಕಾಲು ಪಾಲಿನಷ್ಟು ರೇಡಿಯೇಟರ್ ನೀರಿಗೇ ಹೋಗುವುದರಿಂದ, ಅದರ ಒಂದು ಚಿಕ್ಕ ಅಂಶದಲ್ಲೇ ಈ ಕೆಲಸ ಮುಗಿಯುತ್ತದೆ.

ಇದಕ್ಕಾಗಿ ರೂಢಿಯಲ್ಲಿರುವ ವ್ಯವಸ್ಥೆ ಎರಡು ಟ್ಯಾಂಕಿನದು. ಒಂದರಲ್ಲಿ ಡೀಸೆಲ್, ಇನ್ನೊಂದರಲ್ಲಿ ಎಣ್ಣೆ ಅಥವಾ ಬೆರಕೆ. ತಣ್ಣಗಿನ ಎಂಜಿನ್ನನ್ನು ಡೀಸೆಲ್‌ನಲ್ಲೇ ಚಾಲೂ ಮಾಡುತ್ತಾರೆ. ರೇಡಿಯೇಟರ್ ನೀರು 70–80 ಡಿಗ್ರಿಗೆ ಏರಿದ ಮೇಲೆ ಆ ನೀರು ಎಣ್ಣೆ ಟ್ಯಾಂಕಿನೊಳಗಿನ ತಾಮ್ರ ಅಥವಾ ಸ್ಟೀಲ್ ಸುರುಳಿಯಲ್ಲೋ, ಎಣ್ಣೆ ಪೈಪನ್ನು ಸುತ್ತಿಕೊಂಡ ಹೊರಪೈಪಿನಲ್ಲೋ, ಫಲಕಗಳ ಶಾಖ ವಿನಿಮಯಕದಲ್ಲೋ ಹರಿದು ಎಣ್ಣೆಯನ್ನು ಕಾಯಿಸುತ್ತದೆ. ಎಣ್ಣೆ ಸಾಕಷ್ಟು ಬಿಸಿಯಾದ ಮೇಲೆ ವಾಲ್ವ್ ತಿರುಗಿಸುತ್ತಾರೆ. ನಿಲ್ಲಿಸುವ ಕೆಲವು ನಿಮಿಷ ಮೊದಲು ಮತ್ತೆ ಡೀಸೆಲ್‌ಗೆ ಬಂದು ಪಂಪು, ನಾಝಲುಗಳಲ್ಲಿ ಉಳಿದ ಮಂದ ಎಣ್ಣೆಯನ್ನು ತೊಳೆದುಬಿಡಬೇಕು. ಈ ಕೊನೆಯ ಹೆಜ್ಜೆ ತಪ್ಪಿದರೆ ಮರುದಿನ ಬೆಳಿಗ್ಗೆ ಪಂಪಿನೊಳಗೆ ಇರುವುದು ತಣ್ಣಗೆ ಅಂಟಿಕೊಂಡ ಎಣ್ಣೆ; ಸೆಲ್ಫ್ ಎಷ್ಟು ಹೊಡೆದರೂ ಎಂಜಿನ್ ಏಳುವುದಿಲ್ಲ.

ಸುಲಭವಾಗಿ ಕಟ್ಟುವ ಜಾಗ ಫಿಲ್ಟರ್ ಆದ್ದರಿಂದ ಬಿಸಿ ಅದಕ್ಕಿಂತ ಮೊದಲೇ ಸಿಗಬೇಕು. ಫಿಲ್ಟರಿನಾಚೆಗಿನ ಉದ್ದ ಪೈಪು ಬರಿಯಾಗಿದ್ದರೆ ಚಳಿಗಾಳಿಗೆ ಎಣ್ಣೆ ಮತ್ತೆ ತಣ್ಣಗಾಗುತ್ತದೆ; ಪೈಪಿಗೆ ಹೊದಿಕೆ ಇಲ್ಲದ ಹೀಟರ್ ಅರ್ಧ ಕೆಲಸದ್ದು. ಬಿಸಿ ಏಕಾಏಕಿ ಬರಲೂಬಾರದು. ತಣ್ಣಗಿನ ಪಂಪಿಗೆ ಕುದಿಬಿಸಿ ಎಣ್ಣೆ ನುಗ್ಗಿದರೆ ಒಳಗಿನ ಪ್ಲಂಜರ್ ಮೊದಲು ಹಿಗ್ಗಿ, ಹೊರಗಿನ ಬ್ಯಾರೆಲ್ ಇನ್ನೂ ಹಿಗ್ಗದೆ, ಎರಡೂ ಕಚ್ಚಿಕೊಳ್ಳುತ್ತವೆ. ಹಡಗುಗಳಲ್ಲಿ ಇಂಧನ ಬದಲಿಸುವಾಗ ತಾಪಮಾನವನ್ನು ನಿಮಿಷಕ್ಕೆ 2 ಡಿಗ್ರಿಗಿಂತ ವೇಗವಾಗಿ ಏರಿಳಿಸಬಾರದು ಎಂಬ ಕಟ್ಟಳೆ ಇರುವುದು ಇದೇ ಕಾರಣಕ್ಕೆ. ವಿದ್ಯುತ್ ಹೀಟರಾದರೆ ಕಾಯುವ ಮೈ ಅಗಲವಾಗಿರಬೇಕು. ಚಿಕ್ಕ ಮೈಯ ತೀವ್ರ ಬಿಸಿಗೆ ಎಣ್ಣೆ ಅಲ್ಲೇ ಕರಕಾಗಿ ಅಂಟುತ್ತದೆ. ಸೈಲೆನ್ಸರಿಗೆ ಪೈಪು ಸುತ್ತಿ ಕಾಯಿಸುವ ಉಪಾಯ ಎಲ್ಲಕ್ಕಿಂತ ಅಪಾಯಕಾರಿ. ಹೊಗೆಕೊಳವೆಯ ತಾಪ ನೂರಾರು ಡಿಗ್ರಿ. ಒಂದು ಸೋರಿಕೆ ಸಾಕು ಬೆಂಕಿಗೆ.

ಡ್ರಮ್ಮಿನಲ್ಲಿ ಕಾಯಿಸುವಾಗ ನೀರೇ ದೊಡ್ಡ ಶತ್ರು. ಕರಿ ಆಯಿಲ್‌ನಲ್ಲಿ ನೀರು, ಕೂಲೆಂಟ್ ಬೆರೆತಿರುವುದು ಸಾಮಾನ್ಯ. ತಳದಲ್ಲಿ ನಿಂತ ನೀರು 100 ಡಿಗ್ರಿ ಮುಟ್ಟಿದೊಡನೆ ಸಾವಿರಕ್ಕೂ ಹೆಚ್ಚು ಪಟ್ಟು ಹಿಗ್ಗಿ ಆವಿಯಾಗಿ, ಮೇಲಿನ ಬಿಸಿ ಎಣ್ಣೆಯನ್ನೆಲ್ಲ ಉಕ್ಕಿಸಿ ಹೊರಚೆಲ್ಲುತ್ತದೆ. ಡ್ರಮ್ಮಿನ ಕೆಳಗೆ ಕಟ್ಟಿಗೆಯ ಉರಿ ಇದ್ದರೆ ಮುಂದಿನದನ್ನು ಹೇಳಬೇಕಿಲ್ಲ. ಇನ್ನೊಂದು ತಪ್ಪು ದಾರಿ ಎಣ್ಣೆ ತೆಳುವಾಗಲೆಂದು ಪೆಟ್ರೋಲ್ ಬೆರೆಸುವುದು. ಎಂಜಿನ್ ಆಯಿಲ್‌ನ ಆವಿ ಕಿಡಿಗೆ ಹೊತ್ತಿಕೊಳ್ಳಲು 200 ಡಿಗ್ರಿಯಷ್ಟು ತಾಪ ಬೇಕು; ಪೆಟ್ರೋಲಿನ ಆವಿ ಸೊನ್ನೆಗಿಂತ ಕೆಳಗಿನ ತಾಪದಲ್ಲೂ ಹೊತ್ತಿಕೊಳ್ಳುತ್ತದೆ. ಪೆಟ್ರೋಲ್ ಬೆರೆಸಿದ ಎಣ್ಣೆಯನ್ನು ಕಾಯಿಸುವುದೆಂದರೆ ಟ್ಯಾಂಕಿನೊಳಗೆ ಸ್ಫೋಟಕ ಆವಿ ತುಂಬಿಸಿದಂತೆ.

ಇಷ್ಟೆಲ್ಲ ಎಚ್ಚರದಿಂದ ಮಾಡಿದರೂ ಬಿಸಿ ಪರಿಹರಿಸುವುದು ಮಂದತನ ಒಂದನ್ನೇ. ಕರಿ ಆಯಿಲ್‌ನ ಉಳಿದ ದೋಷಗಳು ಎಷ್ಟು ಕಾಯಿಸಿದರೂ ಹೋಗುವುದಿಲ್ಲ. ಅವುಗಳಲ್ಲಿ ಮೊದಲನೆಯದು ಬೂದಿ. ಎಂಜಿನ್ನಿನ ಸವೆತ ತಡೆಯಲು, ಆಮ್ಲ ತಣಿಸಲು ಆಯಿಲ್‌ಗೆ ಸತು, ರಂಜಕ, ಕ್ಯಾಲ್ಸಿಯಂ ಇರುವ ರಾಸಾಯನಿಕಗಳನ್ನು ಸೇರಿಸಿರುತ್ತಾರೆ. ಸುಟ್ಟಾಗ ಇವು ಬೂದಿಯಾಗಿ ಉಳಿಯುತ್ತವೆ. ಡೀಸೆಲ್‌ನಲ್ಲಿ ಬೂದಿ ನೂರಕ್ಕೆ 0.01 ಭಾಗಕ್ಕಿಂತ ಹೆಚ್ಚಿರಬಾರದು. ಲಾರಿಗಳ ಎಂಜಿನ್ ಆಯಿಲ್‌ನಲ್ಲಿ ಅದು ಸುಮಾರು 1 ಭಾಗ, ಅಂದರೆ ನೂರು ಪಟ್ಟು. ಗಂಟೆಗೆ 5 ಲೀಟರ್ ಬರೀ ಕರಿ ಆಯಿಲ್ ಸುಡುವ ಎಂಜಿನ್ ಗಂಟೆಗೆ 40 ಗ್ರಾಂಗೂ ಹೆಚ್ಚು ಬೂದಿ ಹುಟ್ಟಿಸುತ್ತದೆ. ಅದರಲ್ಲಿ ಒಂದಷ್ಟು ಹೊಗೆಯೊಡನೆ ಗಾಳಿಗೆ ಸೇರುತ್ತದೆ. ಉಳಿದದ್ದು ವಾಲ್ವ್, ಪಿಸ್ಟನ್, ಟರ್ಬೊಗಳ ಮೇಲೆ ಗಟ್ಟಿ ಪದರವಾಗುತ್ತದೆ.

ಎರಡನೆಯದು ಮಸಿ ಮತ್ತು ಲೋಹದ ಪುಡಿ. ಒಳ್ಳೆಯ ಎಂಜಿನ್ ಆಯಿಲ್‌ನಲ್ಲಿ ಮಸಿ ಒಂದೆಡೆ ಗಟ್ಟಿಯಾಗದಂತೆ ಚದುರಿಸಿ ಇಡುವ ರಾಸಾಯನಿಕವೂ ಇರುತ್ತದೆ. ಎಂಜಿನ್ನಿನೊಳಗೆ ಅದು ಗುಣ. ಡ್ರಮ್ಮಿನಲ್ಲಿ ಅದೇ ತೊಡಕು: ವಾರಗಟ್ಟಲೆ ನಿಲ್ಲಿಸಿದರೂ ಮಸಿ ತಳಕ್ಕೆ ಇಳಿಯುವುದಿಲ್ಲ. ಬಟ್ಟೆಯಲ್ಲಿ ಸೋಸಿದರೆ ಕಸ ನಿಲ್ಲುತ್ತದೆಯೇ ಹೊರತು ಒಂದು ಮೈಕ್ರಾನಿಗಿಂತ ಚಿಕ್ಕ ಕಣಗಳು ನಿಲ್ಲುವುದಿಲ್ಲ. ಮೂರನೆಯದು ಗಂಧಕ. 2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಮಾರುವ ಬಿಎಸ್-6 ಡೀಸೆಲ್‌ನಲ್ಲಿ ಗಂಧಕದ ಮಿತಿ ಹತ್ತು ಲಕ್ಷಕ್ಕೆ 10 ಭಾಗ. ಎಂಜಿನ್ ಆಯಿಲ್‌ನಲ್ಲಿ ಅದು 3,000ರಿಂದ 4,000 ಭಾಗದವರೆಗೂ ಇರಬಹುದು. ನೂರಕ್ಕೆ 20ರ ಬೆರಕೆಯೂ ಬಿಎಸ್-3 ಕಾಲದ 350 ಭಾಗದ ಮಿತಿಯನ್ನು ಮೀರುತ್ತದೆ. ಬಿಎಸ್-6 ವಾಹನಗಳ ಹೊಗೆಶೋಧಕ ಬೂದಿಯಿಂದ ಕಟ್ಟಿಹೋಗುತ್ತದೆ, ವೇಗವರ್ಧಕ ಗಂಧಕ, ರಂಜಕಗಳಿಂದ ಸಾಯುತ್ತದೆ, ಸಾವಿರಾರು ಬಾರ್ ಒತ್ತಡದ ಕಾಮನ್ ರೈಲ್ ಇಂಜೆಕ್ಟರ್ ಕಣಗಳಿಂದ ಸವೆಯುತ್ತದೆ. ಅಂಥ ವಾಹನಕ್ಕೆ ಬಿಸಿಯಾದರೇನು, ತಣ್ಣಗಾದರೇನು, ಕರಿ ಆಯಿಲ್ ವರ್ಜ್ಯ.

ನಾಲ್ಕನೆಯದು ಮನುಷ್ಯರ ಆರೋಗ್ಯ. ಶುದ್ಧೀಕರಿಸದ ಖನಿಜ ತೈಲಗಳನ್ನೂ, 2012ರಿಂದ ಡೀಸೆಲ್ ಹೊಗೆಯನ್ನೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ಎಂಜಿನ್ನಿನೊಳಗೆ ಕಾದು ಕಾದು ಕರಿ ಆಯಿಲ್‌ನಲ್ಲಿ ಬಹುವಲಯ ಸುಗಂಧ ಹೈಡ್ರೋಕಾರ್ಬನ್‌ಗಳು ಸೇರಿರುತ್ತವೆ. ಬರಿಗೈಯಲ್ಲಿ ಅದನ್ನು ಮುಟ್ಟುವ, ಅದರ ಆವಿಯನ್ನು ಮುಚ್ಚಿದ ಶೆಡ್ಡಿನಲ್ಲಿ ಉಸಿರಾಡುವ ಕೆಲಸಗಾರರ ಪಾಲಿಗೆ ಕಾಯಿಸುವ ಡ್ರಮ್ಮು ದಿನದಿನದ ಅಪಾಯ.

ಕಾನೂನು ಸ್ಪಷ್ಟವಾಗಿದೆ. 2016ರ ಅಪಾಯಕಾರಿ ಮತ್ತು ಇತರ ತ್ಯಾಜ್ಯಗಳ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯ. ಮೊದಲ ಅನುಸೂಚಿಯಲ್ಲಿ ಅದರ ಸಂಖ್ಯೆ 5.1. ಅದನ್ನು ಸಾಮಾನ್ಯವಾಗಿ 90 ದಿನಗಳಿಗಿಂತ ಹೆಚ್ಚು ಕಾಲ ಇಟ್ಟುಕೊಳ್ಳುವಂತಿಲ್ಲ, ಲೆಕ್ಕ ಬರೆದಿಡಬೇಕು, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದವರಿಗೇ ಒಪ್ಪಿಸಬೇಕು. 2023ರ ತಿದ್ದುಪಡಿ ಉತ್ಪಾದಕರ ಹೊಣೆಯನ್ನೂ ತಂದಿತು. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ಈ ವ್ಯವಸ್ಥೆಯಲ್ಲಿ ಆಯಿಲ್ ತಯಾರಕರು ಮೊದಲ ವರ್ಷ ನೂರಕ್ಕೆ 5 ಪಾಲಿನಿಂದ ಆರಂಭಿಸಿ, 2031ರ ಹೊತ್ತಿಗೆ 50 ಪಾಲಿನವರೆಗೆ ಬಳಸಿದ ಎಣ್ಣೆಯ ಮರುಬಳಕೆಗೆ ಹೊಣೆಗಾರರು.

ಕರಿ ಆಯಿಲ್‌ಗೆ ಬಿಸಿ ನಿಜವಾಗಿ ಉಪಯೋಗಕ್ಕೆ ಬರುವುದು ಈ ಮರುಬಳಕೆಯ ದಾರಿಯಾದ ಮರುಶುದ್ಧೀಕರಣದಲ್ಲಿ. ಅಲ್ಲಿ ಮೊದಲು ಎಣ್ಣೆಯನ್ನು ಕಾಯಿಸಿ ನೀರನ್ನೂ ಬೆರೆತ ಡೀಸೆಲನ್ನೂ ತೆಗೆಯುತ್ತಾರೆ. ನಂತರ ನಿರ್ವಾತದಲ್ಲಿ ಬಟ್ಟಿ ಇಳಿಸಿದಾಗ ಎಣ್ಣೆ ಆವಿಯಾಗಿ ಮೇಲೇರಿ, ಬೂದಿಯಾಗುವ ರಾಸಾಯನಿಕ, ಮಸಿ, ಲೋಹಗಳೆಲ್ಲ ಡಾಂಬರಿನಂಥ ಶೇಷವಾಗಿ ಕೆಳಗುಳಿಯುತ್ತವೆ. ಮೇಲೆ ಬಂದ ಎಣ್ಣೆಯನ್ನು ದ್ರಾವಕದಿಂದಲೋ ಜಲಜನಕದಿಂದಲೋ ಶುದ್ಧಮಾಡಿದರೆ ಮತ್ತೆ ಹೊಸ ಆಯಿಲ್‌ನ ಮೂಲದ್ರವ್ಯ ಸಿಗುತ್ತದೆ. ನೂರು ಲೀಟರ್ ಕರಿ ಆಯಿಲ್‌ನಿಂದ ಸುಮಾರು 60ರಿಂದ 70 ಲೀಟರ್. ಸುಟ್ಟರೆ ಅದು ಒಂದೇ ಸಲ ಕೆಲಸಕ್ಕೆ ಬರುತ್ತದೆ. ಶುದ್ಧಮಾಡಿದರೆ ಮತ್ತೆ ಮತ್ತೆ ಬರುತ್ತದೆ.

ಚೆಲ್ಲಿದರೆ ಏನಾಗುತ್ತದೆ ಎಂಬುದನ್ನು ಈ ಎರಡು ನಗರಗಳ ಭೂಗೋಳವೇ ಹೇಳುತ್ತದೆ. ತ್ರ್ಯಂಬಕೇಶ್ವರದಲ್ಲಿ ಹುಟ್ಟುವ ಗೋದಾವರಿ ನಾಸಿಕ್ ನಗರವನ್ನು ಹಾದು, ನಿಫಾಡ್ ತಾಲ್ಲೂಕಿನ ನಾಂದೂರ್ ಮಧ್ಯಮೇಶ್ವರದ ಪಕ್ಷಿಧಾಮವನ್ನು ದಾಟಿ, ಪೈಠಣದ ಜಾಯಕವಾಡಿ ಜಲಾಶಯ ಸೇರುತ್ತದೆ. ಮಹಾರಾಷ್ಟ್ರದ ಮೊದಲ ರಾಮ್ಸಾರ್ ಜೌಗುಪ್ರದೇಶ ಆ ಪಕ್ಷಿಧಾಮ. ಸಂಭಾಜಿನಗರದ ಕುಡಿಯುವ ನೀರು ಬರುವುದು ಆ ಜಲಾಶಯದಿಂದ. ನಾಸಿಕ್‌ನ ಗ್ಯಾರೇಜಿನ ಚರಂಡಿಗೆ ಬಿದ್ದ ಎಣ್ಣೆಯ ಹಾದಿ ಅದೇ ನದಿಯ ಕಡೆಗಿದೆ.

ಚಳಿಯ ಬೆಳಿಗ್ಗೆ ಎಂಜಿನ್ ಏಳಬೇಕಾದರೆ ಕಾಯಿಸಬೇಕಾದದ್ದು ಎಂಜಿನ್ನನ್ನು, ಕರಿ ಆಯಿಲನ್ನಲ್ಲ. ಗ್ಲೋ ಪ್ಲಗ್ ಇದ್ದರೆ ಅದು ಸರಿಯಾಗಿ ಕಾಯುತ್ತಿದೆಯೇ ನೋಡಬೇಕು; ಜನರೇಟರಿಗೆ ಕೂಲೆಂಟ್ ಹೀಟರ್ ಅಳವಡಿಸಬಹುದು. ಬ್ಯಾಟರಿಗೆ ಪೂರ್ತಿ ಚಾರ್ಜ್, ತಯಾರಕರು ಹೇಳಿದ ದರ್ಜೆಯ ಆಯಿಲ್, ಹೊಸ ಡೀಸೆಲ್ ಫಿಲ್ಟರ್, ಚಳಿಗಾಲಕ್ಕೆ ಮೊದಲು ತಳದ ನೀರು ಬಸಿದು ಹೊಸ ಡೀಸೆಲ್ ತುಂಬಿದ ಟ್ಯಾಂಕು ಇವಿಷ್ಟಿದ್ದರೆ ನಿಫಾಡ್‌ನ ಚಳಿಗೂ ಎಂಜಿನ್ ಜಗ್ಗದು. ಬಸಿದು ತೆಗೆದ ಆಯಿಲನ್ನು ನೀರು, ಕೂಲೆಂಟ್, ಪೆಟ್ರೋಲ್ ಬೆರೆಯದಂತೆ ಮುಚ್ಚಳವಿರುವ ಪ್ರತ್ಯೇಕ ಕ್ಯಾನಿನಲ್ಲಿಟ್ಟು, ಅನುಮತಿ ಪಡೆದ ಸಂಗ್ರಾಹಕರಿಗೆ ಕೊಟ್ಟು ರಸೀದಿ ಪಡೆಯಬೇಕು. ನಾಸಿಕ್‌ನ ಗ್ಯಾರೇಜಿಗಾಗಲಿ ಹುಬ್ಬಳ್ಳಿಯ ಗ್ಯಾರೇಜಿಗಾಗಲಿ ಇದೇ ನಿಯಮ; ಎಂಜಿನ್ನಿಗೂ ನದಿಗೂ ಕ್ಷೇಮವಾದ ದಾರಿಯೂ ಇದೇ.